ಮರದ ಮಗು ಸಿಕ್ಕಿದ್ದು ಯಾರಿಗೆ

ಸೆಪ್ಟೆಂಬರ್ 24, ಮಂಗಳವಾರ

ಯಾವುದೋ ಹುಡುಗಿ ನಾಲ್ಕು ಪುಟ ಲೆಕ್ಕ ಮಾಡಿ ಎಸೆದ ನೋಟ್‌ಬುಕ್ ಇದು. ಉಳಿದದ್ದೆಲ್ಲ ಹೊಸ ಕಾಗದ. ಎಸೆಯಲು ಜನರಿಗೆ ಮನಸ್ಸಾದರೂ ಹೇಗೆ ಬರುತ್ತದೋ! ಹೆಂಡತಿ ಹೋದ ಮೇಲೆ ದಿನದ ಮಾತು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಯಾರೆಲಿ ಅಂತ ಮಗಳೊಬ್ಬಳು ಇದ್ದಾಳೆ, ಆದರೆ ಅವಳಿಗೆ ಅವಳದೇ ಚಿಂತೆ. ಅವಳ ಚಪ್ಪಲಿ ಅಂಗಡಿಯ ಕೆಲಸ ಹೋಗಿ ಎರಡು ತಿಂಗಳಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹನ್ನೊಂದು ಗಂಟೆಗೆ ನೊಗಾಲ್ ಬೀದಿಯ ಮೂಲೆಯಲ್ಲಿ ಕೂತು, ಬನ್ನಿನೊಳಗೆ ಮಾಂಸ ಇಟ್ಟ ತೋರ್ತಾ ತಿನ್ನುತ್ತಿದ್ದೆ. ತೊಮಾಸಾ ಕೈಗಾಡಿಯ ಪೀಪಾಯಿಗಳಲ್ಲಿ ಕಸ ಬೇರೆ ಮಾಡುತ್ತಿದ್ದಳು. ಹನ್ನೊಂದು ವರ್ಷದಿಂದ ನನ್ನ ಜೊತೆ ಗುಡಿಸುತ್ತಾಳೆ. ನಾನು ನಗರಸಭೆಯಲ್ಲಿ ಕಾಯಂ ಆದವನು. ನನಗೆ ಸಂಬಳ ಉಂಟು, ಕಿತ್ತಳೆ ಬಣ್ಣದ ಅಂಗಿ ಉಂಟು. ಅವಳಿಗೆ ಎರಡೂ ಇಲ್ಲ. ಮನೆಯವರು ಕೊಡುವ ಚಿಲ್ಲರೆ, ಮಾರಿದ ರಟ್ಟು ಡಬ್ಬಿ, ಅಷ್ಟರಲ್ಲೇ ಜೀವನ. ನಮ್ಮಲ್ಲಿ ಅರ್ಧಕ್ಕರ್ಧ ಜನ ಹೀಗೆಯೇ, ಯಾರಾದರೂ ಸತ್ತು ಜಾಗ ಖಾಲಿಯಾಗಲಿ ಎಂದು ಕಾಯುತ್ತಾರೆ.

ತೊಮಾಸಾ ಕೂಗಿದಳು. ತಿನ್ನುವಾಗ ಕರೆದರೆ ನನಗೆ ಸಿಟ್ಟು, ತಡವಾಗಿ ಎದ್ದೆ. ಅವಳ ಕೈಯಲ್ಲಿ ಒದ್ದೆಯಾಗಿ ಹರಿದ ಹಳೆಯ ಪೇಪರಿನಲ್ಲಿ ಸುತ್ತಿದ ಬಾಲಯೇಸು! ಮರದ್ದು, ಗಾಜಿನ ಕಣ್ಣು, ಜರಿಯ ಅಂಗಿ, ಎಡಗೈಯ ಒಂದು ಬೆರಳು ಮುರಿದಿದೆ. ನೂರು ವರ್ಷದ್ದಾದರೂ ಇದ್ದೀತು. ಇಬ್ಬರೂ ಶಿಲುಬೆಯ ಗುರುತು ಹಾಕಿಕೊಂಡೆವು.

"ಇದು ಅರವತ್ತೊಂದನೇ ನಂಬರ್ ಮನೆಯೋರದ್ದು," ಅಂದಳು.

"ನಿನಗೆ ಹೇಗೆ ಗೊತ್ತು?"

"ಗಂಟು ನೋಡಿ. ಚೀಲಕ್ಕೆ ಹಸಿರು ದಾರ ಸುತ್ತಿ ಎರಡು ಗಂಟು ಹಾಕೋದು ದೋನ್ಯಾ ಎರ್ನೆಸ್ತಿನಾ ಅಮ್ಮಾವ್ರು ಒಬ್ಬರೇ. ನೀವು ಕೊಟ್ಟು ಬನ್ನಿ ದೋನ್ ಎಲಾದಿಯೋ."

"ಸಿಕ್ಕಿದ್ದು ನಿನಗೆ, ನೀನೇ ಹೋಗು."

"ನಾನಾ? ಈ ಬಟ್ಟೇಲಿ? ಬಾಗಿಲು ತೆಗೆದ ತಕ್ಷಣ ಕದ್ದಿದ್ದಳು, ಈಗ ಇನಾಮು ಕೇಳೋಕೆ ಬಂದಳು ಅಂತಾರೆ. ಅಂಗಿ ನಿಮ್ಮ ಮೈ ಮೇಲಿದೆ, ನೀವೇ ಹೋಗಿ."

ಅದೂ ನಿಜ. ಹೋದೆ. ಮುದುಕಮ್ಮ ಬಾಗಿಲು ತೆರೆದಾಗ ಕಣ್ಣು ಊದಿಕೊಂಡಿದ್ದವು. ಮನೆ ತೊಳೆಯಲು ಬಂದ ಸೊಸೆ ಹಳೇ ಪೇಪರಿನ ಜೊತೆ ಮೂರ್ತಿಯನ್ನೂ ಚೀಲಕ್ಕೆ ತುಂಬಿದ್ದಳಂತೆ. ಮುದುಕಮ್ಮ ಮೂರ್ತಿಯನ್ನು ಎದೆಗೊತ್ತಿಕೊಂಡು, ಆಮೇಲೆ ನನ್ನ ಎರಡೂ ಕೈ ಹಿಡಿದು ಮುತ್ತಿಟ್ಟರು. ಈ ಕೈಗಳಿಗೆ! "ನಿಮಗೇ ಸಿಕ್ಕಿತಾ ಅಪ್ಪಾ?" ಎಂದು ಕೇಳಿದರು. ಹೂಂ ಅಂದೆ. ಅಳುತ್ತಿದ್ದವರ ಮುಂದೆ ಉದ್ದುದ್ದ ಕಥೆ ಹೇಳುವುದೆಲ್ಲಿ.

ಮರಳಿ ಬಂದಾಗ ತೊಮಾಸಾ "ಏನಂದ್ರು?" ಅಂದಳು. ಸಂತೋಷಪಟ್ಟರು ಅಂದೆ. "ನನ್ನ ಬಗ್ಗೆ?" ಅಂದಳು. ಕೇಳಲಿಲ್ಲ ಅಂದೆ. ಅದು ಸುಳ್ಳೇನೂ ಅಲ್ಲ.

ಸೆಪ್ಟೆಂಬರ್ 29, ಭಾನುವಾರ

ಪೂಜೆಯಲ್ಲಿ ಪಾದ್ರಿಗಳು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ದೋನ್ಯಾ ಎರ್ನೆಸ್ತಿನಾ ಎಲ್ಲವನ್ನೂ ಅವರಿಗೆ ಹೇಳಿದ್ದಾರೆ. "ಕಸದಲ್ಲಿ ದೇವರನ್ನು ಗುರುತಿಸಿದ ಕಣ್ಣು" ಎಂದೆಲ್ಲ ಹೊಗಳಿದರು. ಜನ ತಿರುಗಿ ತಿರುಗಿ ನೋಡಿದರು. ನನಗೆ ಬೆವರೋ ಬೆವರು.

ಹೊರಗೆ ಹತ್ತಾರು ಜನ ಸುತ್ತುಗಟ್ಟಿ ಹೇಗಾಯಿತು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿದರು. ಪೀಪಾಯಿ ಬಗ್ಗಿಸುವಾಗ ನಮಗೆ ಸಿಕ್ಕಿತು ಅಂದೆ. ನಮಗೆ ಅಂದೆ. ಒಂದೇ ಗಾಡಿ, ಒಂದೇ ಪೀಪಾಯಿ. ಗಾಡಿಯಲ್ಲಿ ಸಿಕ್ಕಿದ್ದನ್ನು ನಾವು ಯಾವಾಗಲೂ ಹಂಚಿಕೊಂಡೇ ಬಂದಿದ್ದೇವೆ.

ಆದರೂ ಮನೆಗೆ ಬಂದು ಮುಖ ತೊಳೆಯುವಾಗ ಕನ್ನಡಿ ನೋಡಲು ಯಾಕೋ ಮನಸ್ಸಾಗಲಿಲ್ಲ.

ಅಕ್ಟೋಬರ್ 8, ಮಂಗಳವಾರ

ಪತ್ರಿಕೆಯವಳು ಬಂದಿದ್ದಳು. ಗಾಡಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ಯಾರೆಲಿ ನಿನ್ನೆಯೇ ಅಂಗಿ ಒಗೆದು ಇಸ್ತ್ರಿ ಮಾಡಿಟ್ಟಿದ್ದಳು. ತೊಮಾಸಾ ಫೋಟೋದಲ್ಲಿ ಬರಬಾರದೆಂದು ಪತ್ರಿಕೆಯವಳೇ ಹೇಳಿದಳು, ನಾನಲ್ಲ. "ಆ ನೀಲಿ ಟೋಪಿಯವರು ಸ್ವಲ್ಪ ಆಚೆ ಹೋಗ್ತೀರಾ?" ಅಂದಳು. ತೊಮಾಸಾ ಆಚೆ ಹೋದಳು.

ಕಥೆ ಕೇಳಿ ಪತ್ರಿಕೆಯವಳಿಗೆ ಸಾಲಲಿಲ್ಲ. "ನಿಮಗೆ ಏನಾದರೂ ಅನ್ನಿಸಿತಾ? ಒಂದು ಸೂಚನೆ, ಏನಾದರೂ?" ಎಂದು ಪೆನ್ನು ಹಿಡಿದು ಕಾಯುತ್ತಿದ್ದಳು. ಮಗು ಅತ್ತಂಗಾಯ್ತು ಅಂದೆ. ಅವಳ ಕಣ್ಣು ಅಗಲವಾಯಿತು. ತಿನ್ನುತ್ತಿದ್ದದ್ದನ್ನು ಬಿಟ್ಟು ಓಡಿದೆ, ಕೈ ಹಾಕಿದೆ, ಬಾಲಯೇಸು ಸಿಕ್ಕಿದ ಅಂದೆ. ಬಾಯಿಂದ ಹೇಗೆ ಹೊರಟಿತೋ ಗೊತ್ತಿಲ್ಲ. ಒಮ್ಮೆ ಹೊರಟ ಮೇಲೆ ಬಹಳ ಚೆನ್ನಾಗಿಯೇ ಬಂತು.

ಪೀಪಾಯಿಯಲ್ಲಿ ನನಗೆ ಆ ಮೂರ್ತಿ ಸಿಕ್ಕ ದಿನ ಬಿಸಿಲು ಜೋರಾಗಿತ್ತು. ಬಿಸಿಲಲ್ಲಿ ಕಿವಿಯಲ್ಲಿ ಏನಾದರೂ ಕೇಳಿಸಿರಲೂಬಹುದು.

ಅಕ್ಟೋಬರ್ 11, ಶುಕ್ರವಾರ

ಪತ್ರಿಕೆಯಲ್ಲಿ ಬಂತು. ರೊಟ್ಟಿ ಅಂಗಡಿಯ ಲಾಉರೆಂತಿನಾ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಾಳೆ, ಸಂತ ಮಾರ್ಟಿನ್ ಪೊರಕೆ ಹಿಡಿದು ನಿಂತ ಪಟದ ಪಕ್ಕದಲ್ಲೇ! ನಾವು ಗುಡಿಸುವವರಿಗೆಲ್ಲ ದೊಡ್ಡವನು ಆ ಸಂತ. ಅವನ ಪಕ್ಕದಲ್ಲಿ ನನ್ನ ಹಲ್ಲು ಕಿರಿದ ಮುಖ.

ತೊಮಾಸಾಗೆ ಓದಲು ಬರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಗೋಡೆಯ ಮುಂದೆ ನಿಂತು ಬೆರಳಿಟ್ಟು ಕೊನೇ ಸಾಲಿನವರೆಗೂ ಓದಿದಳು. ಆಮೇಲೆ ನಗುತ್ತಾ ಅಂದಳು:

"ಅತ್ತಿತಾ ದೋನ್ ಎಲಾದಿಯೋ? ಹನ್ನೊಂದು ವರ್ಷ ಆಯ್ತು, ನನ್ನ ಪೀಪಾಯೀಲಿ ಬೆಕ್ಕಿನ ಮರಿ ಬಿಟ್ರೆ ಏನೂ ಅತ್ತಿಲ್ಲಪ್ಪ."

"ಆ ಪತ್ರಿಕೆಯವಳೇ ಏನೇನೋ ಬರ್ಕೊಂಡಿದಾಳೆ ಕಣೇ."

"ಚೆನ್ನಾಗಿ ಬರೆದಿದಾಳೆ ಬಿಡಿ. ನಾನಿಲ್ಲದೇ ಇದ್ದಿದ್ರೆ ನಾನೂ ನಂಬ್ತಿದ್ದೆ."

ಲಾಉರೆಂತಿನಾ ಇಬ್ಬರಿಗೂ ಬಿಸಿ ರೊಟ್ಟಿ ಕೊಟ್ಟಳು, ನನಗೆ ಉಪ್ಪು ಉದುರಿಸಿ ಸುರುಳಿ ಸುತ್ತಿ. ತಿನ್ನದೆ ಜೇಬಿಗೆ ಹಾಕಿಕೊಂಡೆ. ನಾಚಿಕೆಯಾಯಿತು, ತೊಮಾಸಾ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಕ್ಟೋಬರ್ 17, ಗುರುವಾರ

ನಮ್ಮ ಗುಡಿಸುವವರ ಸಂಘದ ಮುಖಂಡ ಬಾರ್ರಗಾನ್ ಕಚೇರಿಗೆ ಕರೆಸಿದ್ದ. ಆತನೇ ಕುರ್ಚಿ ಎಳೆದುಕೊಟ್ಟ. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು.

"ದೋನ್ ಎಲಾದಿಯೋ, ನವೆಂಬರ್ ಮೂರಕ್ಕೆ ನಮ್ಮ ಸಂತ ಮಾರ್ಟಿನ್ ಹಬ್ಬ. ಈ ಸಲ ಸನ್ಮಾನ ನಿಮಗೇ. ಪದಕ, ಶಾಲು ಎಲ್ಲಾ ಇದ್ದದ್ದೇ. ಆದ್ರೆ ನಮ್ಮ ಮನಸ್ಸಲ್ಲಿರೋದು ಇನ್ನೂ ದೊಡ್ಡದು. ರೆಫೂಹಿಯೋ ಸತ್ತು ಖಾಲಿಯಾದ ಕಾಯಂ ಜಾಗ ಇದೆಯಲ್ಲ? ಅದನ್ನ ನಿಮ್ಮ ಮನೆಯವರೊಬ್ಬರಿಗೆ ಕೊಡ್ತೀವಿ. ಮಗಳಿದಾಳೆ ತಾನೇ?"

ರೆಫೂಹಿಯೋ ಜುಲೈನಲ್ಲಿ ಸತ್ತ. ಆ ಜಾಗಕ್ಕೆ ಸರದಿಯಲ್ಲಿ ಮೊದಲು ನಿಂತವಳು ತೊಮಾಸಾ. ಅವನ ಅಂತ್ಯಕ್ರಿಯೆಯ ದಿನವೇ ನಾನೇ ಅವಳಿಗೆ ಹೇಳಿದ್ದೆ, ಈ ಸಲ ನಿನ್ನದೇ ಕಣೇ ಎಂದು. ಬಾರ್ರಗಾನ್‌ಗೂ ಅದು ಗೊತ್ತು. "ಸರದಿ..." ಅಂದೆ. "ಸರದಿ ನಾವು ನೋಡ್ಕೋತೀವಿ, ನೀವು ತಲೆ ಕೆಡಿಸ್ಕೋಬೇಡಿ," ಅಂದ.

ಥ್ಯಾಂಕ್ಸ್ ಹೇಳಿ ಬಂದೆ.

ಯಾರೆಲಿಗೆ ಹೇಳಿದಾಗ ಕುತ್ತಿಗೆಗೆ ಜೋತುಬಿದ್ದು ಅತ್ತುಬಿಟ್ಟಳು. ಅವಳಮ್ಮ ಹೋದ ಮೇಲೆ ಈ ಮನೆಯಲ್ಲಿ ಸಂತೋಷಕ್ಕೆ ಯಾರೂ ಅತ್ತಿರಲಿಲ್ಲ. ಮಗಳ ಒಳ್ಳೆಯದನ್ನು ನೋಡಿದರೆ ತಪ್ಪೇ? ಯಾವ ತಂದೆ ನೋಡುವುದಿಲ್ಲ?

ಅಕ್ಟೋಬರ್ 19, ಶನಿವಾರ

ಕಚೇರಿಗೆ ಹೇಳಿಕೆ ಬರೆದುಕೊಟ್ಟೆ. "ಕೆಳಗೆ ಸಹಿ ಮಾಡಿರುವ ಎಲಾದಿಯೋ ಮೊಂತಿಯೆಲ್ ಆದ ನನಗೆ ನೊಗಾಲ್ ಬೀದಿಯಲ್ಲಿ ಕಸದ ನಡುವೆ ಸದರಿ ಮೂರ್ತಿ ಸಿಕ್ಕಿದ್ದು ನಿಜ." ಸಹಿ ಹಾಕಿದೆ. ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರು. ಶಾಯಿ ಇನ್ನೂ ಹೋಗಿಲ್ಲ.

ಅಕ್ಟೋಬರ್ 26, ಶನಿವಾರ

ಸಂಜೆ ಮನೆಗೆ ಬಂದರೆ ಯಾರೆಲಿ ಅಂಗಳದಲ್ಲಿ ಕೂತು ಪೊರಕೆ ಕಟ್ಟುತ್ತಿದ್ದಾಳೆ. ನಮಗೆ ಕಚೇರಿಯಿಂದ ಬರುವ ಪ್ಲಾಸ್ಟಿಕ್ ಪೊರಕೆ ನಾಲ್ಕು ದಿನ ಬಾಳುವುದಿಲ್ಲ. ಕಡ್ಡಿ ತಂದು ನಾವೇ ಕಟ್ಟಿಕೊಳ್ಳುತ್ತೇವೆ. ಕಟ್ಟುವುದು ಸುಲಭವಲ್ಲ. ಇವಳು ಕಟ್ಟಿದ್ದು ನೋಡಿದರೆ ಬಿಗಿಯಾಗಿ, ತುದಿ ಸಮವಾಗಿ, ನನ್ನದಕ್ಕಿಂತ ಚೆನ್ನಾಗಿದೆ.

"ಯಾರ ಹತ್ರ ಕಲಿತೆ?"

"ತೊಮಾಸಾ ಅತ್ತೆ ಹತ್ರ. ಮೂರು ದಿನದಿಂದ ಹೋಗ್ತಿದೀನಿ. ಕಾಯಂ ಕೆಲಸ ಸಿಗ್ತಿದೆ ಅಂದೆ, ಹಾಗಾದ್ರೆ ಬಾ, ಕೈ ಕುಯ್ದುಕೊಳ್ಳದ ಹಾಗೆ ಹೇಳ್ಕೊಡ್ತೀನಿ ಅಂದ್ರು."

"ಯಾವ ಜಾಗ ಅಂತ ಹೇಳಿದೆಯಾ?"

"ರೆಫೂಹಿಯೋ ಅವರದ್ದು ಅಂತ ಹೇಳ್ದೆ. ಯಾಕಪ್ಪಾ?"

"ಏನಂದಳು?"

"ತಂತಿ ಇನ್ನೊಂದು ಸುತ್ತು ಬಿಗಿ ಮಾಡು ಅಂದ್ರು."

ನಾನು ಒಳಗೆ ಹೋಗಿ ಕದ ಹಾಕಿಕೊಂಡೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಜಾಗ ತಿಂದವನ ಮಗಳನ್ನು ಕೂರಿಸಿಕೊಂಡು ಕೆಲಸ ಕಲಿಸಿದ್ದಾಳೆ. ಮೂರು ದಿನ ನನ್ನ ಜೊತೆ ಗುಡಿಸಿದಳು, ಅದರ ಬಗ್ಗೆ ಒಂದು ಮಾತು ಆಡಲಿಲ್ಲ.

ನವೆಂಬರ್ 2, ಶನಿವಾರ

ಇವತ್ತು ಸತ್ತವರ ಹಬ್ಬ. ಸ್ಮಶಾನಕ್ಕೆ ಹೋಗಿ ಹೆಂಡತಿಯ ಗೋರಿಗೆ ಚೆಂಡುಹೂ ಇಟ್ಟು ಬಂದೆ. ಅವಳಿಗೆ ಎಲ್ಲ ಹೇಳಿದೆ. ಬದುಕಿದ್ದಾಗ ಒಂದು ಹೇಳಿದರೆ ನಾಲ್ಕು ಅನ್ನುತ್ತಿದ್ದಳು.

ಊರೆಲ್ಲ ಹೂವಿನ ಎಸಳು. ಪ್ರತಿ ಬಾಗಿಲಿಂದ ಬೀದಿಯವರೆಗೆ ಸತ್ತವರಿಗೆಂದು ಹೂವಿನ ದಾರಿ ಹಾಕಿದ್ದಾರೆ. ವರ್ಷದಲ್ಲೇ ಅತಿ ಹೆಚ್ಚು ಕಸ ನಾಳೆ, ನಮ್ಮ ಹಬ್ಬವೂ ನಾಳೆ. ಕಾಯಂ ಆದವರು ಹಬ್ಬದೂಟಕ್ಕೆ ಹೋಗುತ್ತೇವೆ, ಇಲ್ಲದವರು ಗುಡಿಸುತ್ತಾರೆ. ಯಾವಾಗಲೂ ಹೀಗೆಯೇ. ಇಷ್ಟು ವರ್ಷ ನನಗೆ ಇದು ವಿಚಿತ್ರವಾಗಿ ಕಂಡಿರಲೇ ಇಲ್ಲ.

ತೊಮಾಸಾ, "ನಾಳೆ ನಿಮ್ಮ ಭಾಗಾನೂ ನಾನೇ ಗುಡಿಸ್ತೀನಿ, ಒಳ್ಳೇ ಅಂಗಿ ಹಾಕ್ಕೊಂಡು ಹೋಗಿ" ಅಂದಳು.

ನವೆಂಬರ್ 3, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಚರ್ಚಿನ ಮುಂದೆ ನಮ್ಮ ಗಾಡಿಗಳು ಸಾಲಾಗಿ ನಿಂತಿದ್ದವು. ಕಾಗದದ ಹೂವು, ಕಸದಲ್ಲಿ ಸಿಕ್ಕ ಕರಡಿ ಬೊಂಬೆ, ಒಂದು ಕಣ್ಣಿಲ್ಲದ ಗೊಂಬೆ, ಏನೇನು ಇತ್ತೋ ಎಲ್ಲ ಕಟ್ಟಿ ಸಿಂಗರಿಸಿದ್ದರು. ಲಾರಿಗಳ ಮೂತಿಗೂ ಹಾರ. ಎಲ್ಲರೂ ಪೊರಕೆ ಎತ್ತಿ ಹಿಡಿದೆವು, ಪಾದ್ರಿಗಳು ತೀರ್ಥ ಚಿಮುಕಿಸಿದರು. ನನ್ನ ಕೈಯಲ್ಲಿದ್ದದ್ದು ಯಾರೆಲಿ ಕಟ್ಟಿದ ಪೊರಕೆ. ತೀರ್ಥದ ಹನಿ ಬಿದ್ದಾಗ ಇದು ನನಗಲ್ಲ ಅನ್ನಿಸಿ ಪೊರಕೆ ಕೆಳಗಿಳಿಸಿದೆ.

ಆಮೇಲೆ ಛತ್ರದಲ್ಲಿ ಊಟ. ಅನ್ನ, ಕೋಳಿ, ಮೇಲೆ ಮೋಲೆ ಎಂಬ ಕಪ್ಪಗೆ ಹೊಳೆಯುವ ಖಾರದ ಸಾರು. ಬ್ಯಾಂಡು. ಚೀಟಿ ಎತ್ತುವ ಆಟ. ಮೂರನೇ ವಿಭಾಗದ ದಪ್ಪ ಗಿಲ್ದಾರ್ದೋಗೆ ಬಟ್ಟೆ ಒಗೆಯುವ ಯಂತ್ರ ಬಂದು, ಅದನ್ನೇ ತಬ್ಬಿಕೊಂಡು ಕುಣಿದ. ಕಿಟಕಿಯಿಂದ ಬೀದಿ ಕಾಣುತ್ತಿತ್ತು. ಸಮವಸ್ತ್ರವಿಲ್ಲದ ನಮ್ಮವರೇ ಹೂವಿನ ಎಸಳು ಗುಡ್ಡೆ ಹಾಕುತ್ತಿದ್ದರು. ಆ ನೀಲಿ ಟೋಪಿ ಅಲ್ಲಿತ್ತೋ ಇಲ್ಲವೋ, ನಾನು ಸರಿಯಾಗಿ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ವೇದಿಕೆಗೆ ಕರೆದರು. ಪದಕ ಹಾಕಿದರು. ಬಾರ್ರಗಾನ್ ಒಂದು ಕಾಗದ ಎತ್ತಿ ಹಿಡಿದು ಯಾರೆಲಿಯ ಹೆಸರು ಓದಿದ, ಮುಂದಿನ ಸಾಲಿನಲ್ಲಿದ್ದ ಅವಳು ಎದ್ದು ನಿಂತಳು. ಚಪ್ಪಾಳೆ. ಆಮೇಲೆ ಮೈಕು ನನ್ನ ಕೈಗೆ ಕೊಟ್ಟ. "ಮಗು ಅತ್ತಿದ್ದು ಹೇಳಿ ದೋನ್ ಎಲಾದಿಯೋ!" ಎಂದು ಹಿಂದಿನಿಂದ ಯಾರೋ ಕೂಗಿದರು.

ನಾನು ಹೇಳಿದೆ. "ಮಗು ಅಳಲಿಲ್ಲ. ಮೂರ್ತಿ ಸಿಕ್ಕಿದ್ದು ನನಗಲ್ಲ. ತೊಮಾಸಾಗೆ ಸಿಕ್ಕಿದ್ದು. ಅಂಗಿ ಇತ್ತು ಅಂತ ನಾನು ಕೊಟ್ಟು ಬಂದೆ, ಅಷ್ಟೇ. ಈ ಜಾಗ ಅವಳದ್ದು."

ಅಷ್ಟರಲ್ಲಿ ಬಾರ್ರಗಾನ್ ಹೆಗಲಿಗೆ ಕೈ ಹಾಕಿ ಮೈಕು ಕಿತ್ತುಕೊಂಡ.

"ನೋಡಿದ್ರಾ? ನೋಡಿದ್ರಾ ಗೆಳೆಯರೇ? ವಿನಯ ಅಂದ್ರೆ ಇದಪ್ಪಾ! ಇಷ್ಟು ದೊಡ್ಡ ಸನ್ಮಾನದಲ್ಲೂ ಜೊತೆಯವಳನ್ನ ಮರೀಲಿಲ್ಲ!"

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬ್ಯಾಂಡಿನವರು ಊದಿದರು. "ವಿನಯ ಅಲ್ಲರೀ, ಸುಳ್ಳು ಹೇಳಿದ್ದೆ ನಾನು!" ಎಂದು ಕೂಗಿದೆ, ತುತ್ತೂರಿಯಲ್ಲಿ ಯಾರಿಗೂ ಕೇಳಲಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ ಗಿಲ್ದಾರ್ದೋ ನನ್ನನ್ನು ಎತ್ತಿಕೊಂಡೇಬಿಟ್ಟ.

ಕೆಳಗಿಳಿದು ಕೂತೆ. ಮತ್ತೆ ಬಡಿಸಿದರು. ಬೇಡ ಅನ್ನಬಹುದಿತ್ತು. ತಿಂದೆ. ರುಚಿಯಾಗಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ರುಚಿಯಾಗಿತ್ತು.

ಯಾರೆಲಿ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ.

ನವೆಂಬರ್ 4, ಸೋಮವಾರ

ಬೆಳಿಗ್ಗೆ ಯಾರೆಲಿ ಕಾಫಿ ಲೋಟ ನನ್ನ ಮುಂದೆ ಕುಕ್ಕಿದಳು.

"ಅಪ್ಪಾ, ನಿನ್ನೆ ಹೇಳಿದ್ದು ನಿಜಾನಾ?"

"ನಿಜ."

"ಪೂರ್ತಿ?"

"ಪೂರ್ತಿ."

"ನಾನು ಅವರ ಮನೆಗೆ ಹೋಗಿ, ಅವರ ಕಡ್ಡಿ, ಅವರ ತಂತಿ ತಗೊಂಡು, ನಿಮ್ಮ ಜಾಗ ನನಗೆ ಸಿಕ್ತು ಅಂತ ಕುಣಿದು ಬಂದಿದೀನಿ. ನಿನಗೆ ಆವತ್ತೇ ಗೊತ್ತಿತ್ತು. ಕದ ಹಾಕ್ಕೊಂಡು ಒಳಗೆ ಕೂತೆ! ನನ್ನ ಮಾನ ಕಳೆದೆಯಲ್ಲಪ್ಪಾ."

ಜಾಗ ಬಿಟ್ಟುಕೊಡುವುದಕ್ಕೆ ಏನು ಬರೆಯಬೇಕೋ ಬರಿ, ಸಹಿ ಹಾಕುತ್ತೇನೆ ಅಂದಳು. ಅಂದವಳೇ ಒಳಗೆ ಹೋಗಿ ಕಚೇರಿಯಿಂದ ಮೊದಲೇ ಬಂದಿದ್ದ ಹೊಸ ಕಿತ್ತಳೆ ಅಂಗಿಯನ್ನು ಮಡಿಸಿ ಚೀಲಕ್ಕೆ ಹಾಕಿದಳು. ಎರಡು ದಿನ ಹಾಕಿಕೊಂಡು ಕನ್ನಡಿ ಮುಂದೆ ತಿರುಗಾಡಿದ್ದ ಅಂಗಿ ಅದು. ಕೆಲಸ ಅವಳಿಗೂ ಬೇಕಿತ್ತು.

ನೊಗಾಲ್ ಬೀದಿಯಲ್ಲಿ ತೊಮಾಸಾ ನನ್ನನ್ನು ನೋಡಿ ಗುಡಿಸುವುದನ್ನು ನಿಲ್ಲಿಸಲಿಲ್ಲ. "ಗಿಲ್ದಾರ್ದೋ ಹೇಳಿದ, ನೀವು ಮೈಕಲ್ಲಿ ಹೇಳಿದ್ರಂತೆ," ಅಂದಳು. ಹೌದು ಅಂದೆ. "ನಿನ್ನೆ ಹೂವು ಮೂವತ್ತೆರಡು ಚೀಲ ಆಯ್ತು," ಅಂದಳು. ಅಷ್ಟೇ.

ನವೆಂಬರ್ 5, ಮಂಗಳವಾರ

ಜಾಗ ಬಿಟ್ಟುಕೊಡುವ ಕಾಗದ ಹಿಡಿದು ಹೋದೆ. ಬಾರ್ರಗಾನ್ ಇವತ್ತು ಕುರ್ಚಿ ಎಳೆದುಕೊಡಲಿಲ್ಲ.

"ನಿಮಗೇನು ತಲೆ ಕೆಟ್ಟಿದೆಯಾ? ಹಬ್ಬ ಮುಗೀತು, ಮಾತೂ ಮುಗೀತು. ಸುಳ್ಳು ಹೇಳಿಕೆಗೆ ಸಹಿ ಹಾಕಿದೀನಿ ಅಂತ ನೀವೇ ಒಪ್ಪಿಕೊಂಡ್ರೆ ಮೂರು ವಾರ ಅಮಾನತು. ಪದಕಾನೂ ವಾಪಸ್."

"ಆಗಲಿ."

"ಪತ್ರಿಕೆಯವರ ಮುಂದೆ ನನ್ನ ಗತಿ? ಪಾದ್ರಿಗಳಿಗೆ ಏನು ಹೇಳಲಿ?"

"ನಾನು ಹೇಳ್ತೀನಿ."

ತುಂಬ ಹೊತ್ತು ಪೆನ್ನು ಕುಟ್ಟಿದ. ಕೊನೆಗೆ, ಮೂರ್ತಿಯ ಯಜಮಾನಿ ತನ್ನ ಕೈಯಾರೆ ಬರೆದುಕೊಡಬೇಕು, ಸಿಕ್ಕಿದ್ದು ಇಂಥವಳಿಗೆ ಎಂದು; ಜೊತೆಗೆ ತೊಮಾಸಾ ಹನ್ನೊಂದು ವರ್ಷ ಗುಡಿಸಿದ್ದನ್ನು ಕಂಡ ಬೀದಿಯವರ ಸಹಿಗಳು, ಐವತ್ತು ಮನೆಯಾದರೂ ಬೇಕು; ಹದಿನೈದಕ್ಕೆ ಪಟ್ಟಿ ಮೇಲಿನ ಕಚೇರಿಗೆ ಹೋಗುತ್ತದೆ, ಅಷ್ಟರೊಳಗೆ ತಾ ಅಂದ. ನಾನು ತರಲಾರೆ ಎಂದೇ ಅವನ ಎಣಿಕೆ.

ಅರ್ಜಿಯಲ್ಲಿ ತೊಮಾಸಾಳ ಪೂರ್ತಿ ಹೆಸರು ಬರೆಯಬೇಕಿತ್ತು. ನನಗೆ ಗೊತ್ತಿರಲಿಲ್ಲ! ಬೀದಿಗೆ ಬಂದು ಕೇಳಿದೆ. ತೊಮಾಸಾ ಗಲೀಸಿಯಾ ರೊಬ್ಲೆಸ್. ಹನ್ನೊಂದು ವರ್ಷ ಒಂದೇ ಗಾಡಿ ತಳ್ಳಿದವರು.

ನವೆಂಬರ್ 8, ಶುಕ್ರವಾರ

ಬಾಗಿಲು ಬಾಗಿಲು ತಟ್ಟುತ್ತಿದ್ದೇನೆ. ಪ್ರತಿ ಬಾಗಿಲಲ್ಲೂ ಮೊದಲು "ನಾನು ಸುಳ್ಳು ಹೇಳಿದ್ದೆ" ಅನ್ನಬೇಕು, ಆಮೇಲೆ ಸಹಿ ಕೇಳಬೇಕು. ಹತ್ತನೇ ಬಾಗಿಲಿಗೆ ಅಭ್ಯಾಸವಾಗಬಹುದು ಅಂದುಕೊಂಡಿದ್ದೆ. ಮೂವತ್ತನೆಯದರಲ್ಲೂ ನಾಲಿಗೆ ಒಣಗುತ್ತದೆ.

ಹದಿನೆಂಟನೇ ನಂಬರಿನ ಮೇಷ್ಟ್ರು ನಕ್ಕುಬಿಟ್ಟರು: "ನನಗೆ ಆವತ್ತೇ ಅನುಮಾನ, ಮರ ಎಲ್ಲಾದ್ರೂ ಅಳುತ್ತಾ?" ಇಪ್ಪತ್ತೇಳನೇ ನಂಬರಿನ ಹೆಂಗಸು, "ಅಯ್ಯೋ, ನಿಮ್ಮ ಹೆಸರಲ್ಲಿ ಮೇಣದಬತ್ತಿ ಹಚ್ಚಿದ್ನಲ್ಲ!" ಎಂದು ಬೈದು ಸಹಿ ಹಾಕಿದಳು. ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: "ತೊಮಾಸಾ ಅಂದ್ರೆ ಯಾರು?" ನೀಲಿ ಟೋಪಿ ಅಂದರೆ "ಓ, ಅವರಾ!" ಎನ್ನುತ್ತಿದ್ದರು.

ರೊಟ್ಟಿ ಅಂಗಡಿಯ ಲಾಉರೆಂತಿನಾ ಏನೂ ಅನ್ನಲಿಲ್ಲ. ಸಹಿ ಹಾಕಿ, ಕೈಯ ಹಿಟ್ಟು ಒರೆಸಿಕೊಂಡು, ಗೋಡೆಯ ಹತ್ತಿರ ಹೋಗಿ ನನ್ನೆದುರಿಗೇ ಆ ಪೇಪರಿನ ತುಂಡನ್ನು ಉಗುರಿನಿಂದ ಕೆರೆದು ಕಿತ್ತಳು. ಚೆನ್ನಾಗಿ ಅಂಟಿಸಿದ್ದಳು, ಬಹಳ ಹೊತ್ತು ಹಿಡಿಯಿತು. ನಾನು ನಿಂತೇ ಇದ್ದೆ.

ಐವತ್ತಮೂರು ಸಹಿ ಆಗಿದೆ. ಅರವತ್ತೊಂದನೇ ನಂಬರಿನ ಮುಂದೆ ಎರಡು ಸಲ ಹೋಗಿ, ತಟ್ಟದೆ ಬಂದೆ.

ನವೆಂಬರ್ 14, ಗುರುವಾರ

ಕಾಗದಗಳನ್ನು ಕೊಟ್ಟು ಬಂದೆ. ಬಾರ್ರಗಾನ್ ಮೂರು ಸಲ ತಿರುಗಿಸಿ ನೋಡಿ, ಬೇರೆ ದಾರಿಯಿಲ್ಲದೆ ನನ್ನೆದುರಿಗೇ ಪಟ್ಟಿಯಲ್ಲಿ ಯಾರೆಲಿಯ ಹೆಸರು ಹೊಡೆದು ತೊಮಾಸಾ ಗಲೀಸಿಯಾ ರೊಬ್ಲೆಸ್ ಎಂದು ಬರೆದ. ಕಾಗುಣಿತ ನಾನೇ ಹೇಳಿದೆ. ಸೋಮವಾರದಿಂದ ಆಕೆ ಕಾಯಂ, ಸೋಮವಾರದಿಂದ ನನಗೆ ಮೂರು ವಾರ ಅಮಾನತು. ಅದು ಸರಿಯಾಯಿತು. ನಾನು ಬರೆಯಬೇಕಾದದ್ದು ನಿನ್ನೆಯದು.

ನಿನ್ನೆ ದೋನ್ಯಾ ಎರ್ನೆಸ್ತಿನಾ ಮನೆಯ ಬಾಗಿಲು ತಟ್ಟಿದೆ. ನನ್ನನ್ನು ಕಂಡು ಮುಖ ಅರಳಿತು. ಒಳಗೆ ಕರೆದು ಬಿಸಿ ಚಾಕೊಲೇಟ್ ಇಟ್ಟರು. ಅದನ್ನು ಮುಟ್ಟದೆ ಎಲ್ಲ ಹೇಳಿದೆ. ಆಕೆಯ ಮುಖ ಹಾಗೇ ಮುಚ್ಚಿಕೊಳ್ಳುತ್ತಾ ಬಂತು.

"ನಿಮ್ಮ ಕೈಗೆ ಮುತ್ತಿಟ್ಟೆ," ಅಂದರು.

"ಹೌದು ಅಮ್ಮಾವ್ರೆ."

"ನಾನು ಕೇಳಿದೆ, ನಿಮಗೇ ಸಿಕ್ಕಿತಾ ಅಂತ. ಹೂಂ ಅಂದ್ರಿ."

"ಅಂದೆ."

ಕನ್ನಡಕ ಹುಡುಕಿ, ನಡುಗುವ ಅಕ್ಷರದಲ್ಲಿ ನಾಲ್ಕು ಸಾಲು ಬರೆದು ಸಹಿ ಹಾಕಿದರು. ಕಾಗದವನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಸರಿಸಿದರು. ಆಮೇಲೆ, "ಆ ಹೆಣ್ಮಗಳು ಎಲ್ಲಿ?" ಅಂದರು. ಹೊರಗೆ ಗಾಡಿಯ ಹತ್ತಿರ ಅಂದೆ. "ಕರೀರಿ."

ತೊಮಾಸಾ ಹೊಸ್ತಿಲಲ್ಲಿ ಬೂಟು ಒರೆಸಿದ್ದೇ ಒರೆಸಿದ್ದು. ಟೋಪಿ ತೆಗೆದಾಗ ನೋಡಿದೆ, ತಲೆಗೂದಲು ಅರ್ಧ ನರೆತಿದೆ. ಕೂರು ಅಂದರೂ ಕೂರಲಿಲ್ಲ, ಬಟ್ಟೆ ಕೊಳೆ ಅಂದಳು. ಮೂಲೆಯ ಗೂಡಿನಲ್ಲಿ ಬಾಲಯೇಸು ಹೊಸ ಅಂಗಿ ತೊಟ್ಟು ಮಲಗಿದ್ದ. ದೋನ್ಯಾ ಎರ್ನೆಸ್ತಿನಾ ಕೈ ಹಿಡಿದು ಕೂರಿಸಿದರು.

"ಹೇಳಮ್ಮ, ನಿನಗೆ ಹೇಗೆ ಸಿಕ್ತು?"

ಆಗ ಹೊಳೆಯಿತು. ನಾನು ಈ ಕಥೆಯನ್ನು ಚರ್ಚಿನ ಮುಂದೆ, ಪತ್ರಿಕೆಯವಳಿಗೆ, ಕಚೇರಿಗೆ, ಅರವತ್ತು ಬಾಗಿಲುಗಳಿಗೆ ಹೇಳಿದ್ದೇನೆ. ಹೇಗೆ ಸಿಕ್ಕಿತು ಎಂದು ತೊಮಾಸಾಳನ್ನು ಒಂದು ಸಲವೂ ಕೇಳಿಲ್ಲ.

"ಮೊದ್ಲು ಕೈ ಸಿಕ್ತು ಅಮ್ಮಾವ್ರೆ," ಅಂದಳು. "ಚೀಲ ಹರಿದು ಕೈ ಹಾಕಿದೆ, ಪೇಪರಿನ ಒಳಗಿಂದ ಪುಟ್ಟ ಕೈ ಬಂತು. ತಣ್ಣಗಿತ್ತು. ನಾನು ನಿಜವಾದ ಮಗು ಅಂದ್ಕೊಂಡೆ. ನಮ್ಮ ಕೆಲಸದಲ್ಲಿ ಹಾಗೆ ಸಿಗೋದುಂಟು. ಬಿಚ್ಚಿ ನೋಡೋಕೆ ಧೈರ್ಯ ಬರ್ಲಿಲ್ಲ. ಪೊಲೀಸ್ರನ್ನ ಕರೆದ್ರೆ 'ನೀನೇ ಎಸೆದೋಳು' ಅಂತಾರೆ. ವಾಪಸ್ ಪೀಪಾಯಿಗೆ ಹಾಕಿದ್ರೆ ಲಾರೀಲಿ ಅರೆದುಹೋಗುತ್ತೆ. ಏನು ಮಾಡ್ಲಿ? ಮಡಿಲಲ್ಲಿಟ್ಕೊಂಡು ಗಾಡಿ ಮರೇಲಿ ಕೂತೆ. ಒಂದು ಹೆಸರೂ ಇಲ್ದೆ ಹೋಗಬಾರದಲ್ಲ ಅಂತ, ನನ್ನ ಬಾಟ್ಲಿ ನೀರನ್ನೇ ಮೂರು ಸಲ ಹಾಕಿ, ತಂದೆ ಮಗ ಪವಿತ್ರಾತ್ಮ ಅಂತ ಹೇಳಿ ಹೆಸರಿಟ್ಟೆ. ನೀರು ಬಿದ್ದು ಪೇಪರು ಹರೀತು. ಒಳಗೆ ನೋಡಿದ್ರೆ ಗಾಜಿನ ಕಣ್ಣು."

ದೋನ್ಯಾ ಎರ್ನೆಸ್ತಿನಾ ಬಾಯಿಗೆ ಕೈ ಇಟ್ಟುಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ. "ದೇವರ ಮಗನಿಗೇ ದೀಕ್ಷಾಸ್ನಾನ ಮಾಡಿಸಿದೆಯಲ್ಲೇ ತಾಯಿ! ಏನಂತ ಹೆಸರಿಟ್ಟೆ?"

ತೊಮಾಸಾ ಟೋಪಿಯನ್ನು ಕೈಯಲ್ಲಿ ತಿರುಗಿಸಿದಳು. ನನ್ನ ಕಡೆ ನೋಡಲಿಲ್ಲ.

"ಎಲಾದಿಯೋ ಅಂತ," ಅಂದಳು. "ಒಳ್ಳೇ ಮನುಷ್ಯರ ಹೆಸರಿರಲಿ ಅನ್ನಿಸ್ತು. ಆಗ ಇವರೇ ನೆನಪಾದ್ರು."

ನಾನು ಎದ್ದು ಹೊರಗೆ ಬಂದೆ. ಗಾಡಿಯ ಹತ್ತಿರ ಪೊರಕೆ ಇತ್ತು, ತಗೊಂಡು ಗುಡಿಸಲು ಶುರು ಮಾಡಿದೆ.